ಚೀನಾದಲ್ಲಿ ನಮಗೆ ಊಟವಿದೆಯೇ?

(ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ವೈದ್ಯಕೀಯ ಶಿಕ್ಷಣಕ್ಕೆಂದೋ ವ್ಯಾಪಾರಕ್ಕೆಂದೋ ಚೀನಾಕ್ಕೆ ಹೋಗುವವರು ನಮ್ಮ ನಡುವೆಯೂ ಇದ್ದಾರೆ. ಹೊರಡುವ ಮಗನನ್ನೋ ಮಗಳನ್ನೋ ತಾಯಿ ಕೇಳುವ ಮೊದಲ ಪ್ರಶ್ನೆ, "ಅಲ್ಲಿ ಊಟಕ್ಕೆ ಏನು ಮಾಡುತ್ತೀಯಾ?" ಎಂಬುದು. ಪೆಟ್ಟಿಗೆಯಲ್ಲಿ ಪುಸ್ತಕಕ್ಕಿಂತ ಉಪ್ಪಿನಕಾಯಿ, ಅವಲಕ್ಕಿ, ಮಸಾಲೆ ಪುಡಿಯೇ ಹೆಚ್ಚು ತುಂಬುತ್ತದೆ. ಆ ಕಾಳಜಿ ತಪ್ಪಲ್ಲ. ಆದರೆ ವರ್ಷಗಟ್ಟಲೆ ಒಂದು ದೇಶದಲ್ಲಿದ್ದು ಅಲ್ಲಿನವರ ಜೊತೆ ಒಂದು ತುತ್ತನ್ನೂ ತಿನ್ನದೆ ಮರಳಿದರೆ, ಆ ದೇಶವನ್ನು ಅರ್ಧವಷ್ಟೇ ನೋಡಿದ ಹಾಗೆ. ಹಲಾಲ್ ನಿಯಮ ಪಾಲಿಸುವವರಿಗೆ ಚೀನಾದ ಅಡುಗೆಮನೆ ಮುಚ್ಚಿದ ಬಾಗಿಲಲ್ಲ. ತಿಳಿದುಕೊಂಡು ಹೋದರೆ ಆ ನಿಯಮವೇ ನಿಮ್ಮನ್ನು ಅಲ್ಲಿನ ವಿಶಿಷ್ಟ ಊಟಗಳ ಬಳಿಗೆ ಕರೆದೊಯ್ಯುತ್ತದೆ. ಇದೇ ನನ್ನ ಇಂದಿನ ಮಾತಿನ ಸಾರ.

ಚೀನಾದ ಊಟವೆಂದರೆ ನಮಗೆ ನೆನಪಾಗುವುದು ಗೋಬಿ ಮಂಚೂರಿ. ಅದು ನಮ್ಮ ದೇಶದಲ್ಲೇ ಹುಟ್ಟಿದ ತಿಂಡಿ. ಅಲ್ಲಿ ಒಂದೊಂದು ಪ್ರಾಂತ್ಯದ ಅಡುಗೆ ಒಂದೊಂದು ಬಗೆ. ಅಲ್ಲಿನ ಮುಸ್ಲಿಮರಲ್ಲಿ ಎರಡು ದೊಡ್ಡ ಸಮುದಾಯಗಳಿವೆ. ಚೀನೀ ಭಾಷೆಯಾಡುತ್ತಾ ದೇಶದ ಎಲ್ಲೆಡೆ ಹರಡಿರುವ ಹುಯಿ ಜನ, ಪಶ್ಚಿಮದ ಷಿನ್‌ಜಿಯಾಂಗ್‌ನಲ್ಲಿ ನೆಲೆಸಿರುವ, ತುರ್ಕಿ ಮೂಲದ ಭಾಷೆಯಾಡುವ ಉಯ್ಘರ್ ಜನ. 2020ರ ಜನಗಣತಿಯ ಪ್ರಕಾರ ಇವರಿಬ್ಬರೂ ತಲಾ 1.1 ಕೋಟಿಗಿಂತ ಹೆಚ್ಚಿದ್ದಾರೆ. ಇವರ ಹೋಟೆಲುಗಳ ಫಲಕದಲ್ಲಿ 'ಚಿಂಗ್‌ಜೆನ್' ಎಂಬ ಪದವಿರುತ್ತದೆ. 'ಶುದ್ಧ, ಸತ್ಯ' ಎಂದು ಅದರ ಅರ್ಥ. ಹಲಾಲ್ ಊಟಕ್ಕೆ ಚೀನೀ ಭಾಷೆ ಕೊಟ್ಟ ಹೆಸರು ಅದು. ಎರಡೇ ಅಕ್ಷರ. ವಿಮಾನ ಹತ್ತುವ ಮುನ್ನ ಅವನ್ನು ಗುರುತಿಸಲು ಕಲಿಯಿರಿ.

ಈಗ ಊರೂರಿಗೆ ಹೋಗೋಣ. ಗಾನ್ಸು ಪ್ರಾಂತ್ಯದ ರಾಜಧಾನಿ ಲಾನ್‌ಝೌ. ಹಳದಿ ನದಿಯ ದಂಡೆಯ ಈ ಊರಿನವರ ಬೆಳಗಿನ ಉಪಾಹಾರವೇ ದನದ ಮಾಂಸದ ನೂಡಲ್ಸ್. ಇದಕ್ಕೆ ಈಗಿನ ರೂಪ ಕೊಟ್ಟವರು ಮಾ ಬಾವೋಜಿ ಎಂಬ ಹುಯಿ ಬಾಣಸಿಗ. 1915ರಲ್ಲಿ ಅವರು ಇದನ್ನು ಮಾರಲು ಶುರುಮಾಡಿದರೆಂದು ಅಲ್ಲಿನವರು ಹೇಳುತ್ತಾರೆ. ಒಳ್ಳೆಯ ಬಟ್ಟಲಿಗೆ ಐದು ಲಕ್ಷಣ: ಸಾರು ತಿಳಿ, ಮೂಲಂಗಿ ಬಿಳಿ, ಮೆಣಸಿನ ಎಣ್ಣೆ ಕೆಂಪು, ಕೊತ್ತಂಬರಿ ಮತ್ತು ಬೆಳ್ಳುಳ್ಳಿಯ ಎಲೆ ಹಸಿರು, ನೂಡಲ್ಸ್ ಹಳದಿ. ಹಿಟ್ಟಿಗೆ ಕ್ಷಾರ ಬೆರೆಸುವುದರಿಂದ ಆ ಹಳದಿಯೂ, ಎಳೆದಷ್ಟೂ ತುಂಡಾಗದ ಗುಣವೂ ಬರುತ್ತವೆ. ಹಿಂದೆ ಈ ಕ್ಷಾರವನ್ನು ಒಣನೆಲದ ಒಂದು ಗಿಡವನ್ನು ಸುಟ್ಟ ಬೂದಿಯಿಂದ ಪಡೆಯುತ್ತಿದ್ದರು. ಬಾಣಸಿಗ ಹಿಟ್ಟಿನ ಉಂಡೆಯನ್ನು ಎಳೆದು, ಮಡಚಿ, ಮತ್ತೆ ಎಳೆಯುತ್ತಾನೆ. ಒಂದು ಎರಡಾಗಿ, ನಾಲ್ಕಾಗಿ, ಎಂಟಾಗಿ, ಕೆಲವೇ ಕ್ಷಣದಲ್ಲಿ ನೂರಾರು ಎಳೆ. ಕೂದಲೆಳೆಯಷ್ಟು ತೆಳ್ಳಗೆ ಬೇಕೋ, ಪಟ್ಟಿಯಷ್ಟು ಅಗಲ ಬೇಕೋ, ಹೇಳುವುದು ನೀವೇ.

ಷಿಆನ್ ನಗರದ ಹುಯಿ ಮೊಹಲ್ಲಾದಲ್ಲಿ ಇನ್ನೊಂದು ಸೋಜಿಗ. ಯಾಂಗ್‌ರೋ ಪಾವೊಮೊ ಕೇಳಿದರೆ ಮೊದಲು ಬರುವುದು ಖಾಲಿ ಬಟ್ಟಲು ಮತ್ತು ಗಟ್ಟಿ ರೊಟ್ಟಿ. ಅದನ್ನು ಕಾಳಿನ ಗಾತ್ರಕ್ಕೆ ನೀವೇ ಮುರಿಯಬೇಕು. ಮುರಿದ ಬಟ್ಟಲು ಅಡುಗೆಮನೆಗೆ ಹೋಗಿ, ಕುರಿ ಮಾಂಸದ ಸಾರಿನಲ್ಲಿ ಬೆಂದು ಮರಳುತ್ತದೆ. ಜೊತೆಗೆ ಸಿಹಿ ಬೆಳ್ಳುಳ್ಳಿ ಉಪ್ಪಿನಕಾಯಿ. ದೊಡ್ಡ ತುಂಡು ಮಾಡಿದರೆ ಸಾರು ಒಳಗಿಳಿಯದು, ಆದ್ದರಿಂದ ಅವಸರಕ್ಕೆ ಇಲ್ಲಿ ಜಾಗವಿಲ್ಲ. ಮುರಿಯುತ್ತಾ ಕುಳಿತ ಎಲ್ಲರೂ ಅಕ್ಕಪಕ್ಕದವರೊಡನೆ ಮಾತಿಗಿಳಿಯುತ್ತಾರೆ. ಅಪರಿಚಿತನಿಗೂ ಅಲ್ಲಿ ಮಾತಿಗೆ ನೆವ ಸಿಗುತ್ತದೆ.

ಷಿನ್‌ಜಿಯಾಂಗ್‌ಗೆ ಹೋದರೆ ಹೆಸರುಗಳೇ ನಿಮ್ಮನ್ನು ಗುರುತಿಸುತ್ತವೆ. ನಮ್ಮ ನಾನ್ ಅಲ್ಲಿಯೂ ನಾನ್, ನಮ್ಮ ಪಲಾವ್ ಅಲ್ಲಿ ಪೋಲೋ, ಸಮೋಸ ಅಲ್ಲಿ ಸಮ್ಸಾ, ತಂದೂರ್ ಅಲ್ಲಿ ತೋನೂರ್. ವ್ಯಾಪಾರಿಗಳ ಹಾದಿಯಲ್ಲಿ ರೇಷ್ಮೆಯೊಂದೇ ಸಾಗಲಿಲ್ಲ, ಅಡುಗೆಯೂ ಅದರ ಹೆಸರೂ ಸಾಗಿದವು. ಧೈರ್ಯವಿದ್ದವರು ಓಪ್ಕೆ-ಹೆಸಿಪ್ ತಿನ್ನಬೇಕು. ಕುರಿಯ ಶ್ವಾಸಕೋಶಕ್ಕೆ ಗೋಧಿ ಹಿಟ್ಟಿನ ಹಾಲು ತುಂಬಿ, ಕರುಳಿಗೆ ಮಸಾಲೆ ಬೆರೆಸಿದ ಅಕ್ಕಿ ತುಂಬಿ ಬೇಯಿಸಿದ ತಿನಿಸು ಅದು. ಬೋಟಿ ಸಾರು ಉಂಡು ಬೆಳೆದವರು ಇದಕ್ಕೆ ಮೂಗು ಮುರಿಯಬೇಕಿಲ್ಲ.

ಬೀಜಿಂಗ್‌ನ ನ್ಯೂಜಿಯೆ, ಅಂದರೆ ದನದ ಬೀದಿ, ಹಳೆಯ ಮಸೀದಿಯಿರುವ ಮುಸ್ಲಿಮರ ಕೇರಿ. ಅಲ್ಲಿನ ತಿಂಡಿ ಅಂಗಡಿಗಳಲ್ಲಿ ಡೌಜಿ ಸಿಗುತ್ತದೆ. ಹೆಸರುಕಾಳಿನಿಂದ ಪಿಷ್ಟ ತೆಗೆದ ಮೇಲೆ ಉಳಿದ ನೀರನ್ನು ಹುಳಿ ಬರಿಸಿ ಕುದಿಸಿದ, ಬೂದು-ಹಸಿರು ಬಣ್ಣದ ಪೇಯ. ವಾಸನೆಗೇ ಹೊರಗಿನವರು ಎದ್ದು ಹೋಗುತ್ತಾರೆ, ಬೀಜಿಂಗ್‌ನ ಮುದುಕರು ಮಾತ್ರ ಕರಿದ ಬಳೆಯಂಥ ತಿಂಡಿಯ ಜೊತೆ ಸವಿಯುತ್ತಾರೆ. ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ. ನಮ್ಮ ಒಣಮೀನಿನ ವಾಸನೆಗೆ ಹೊರಗಿನವರು ಏನೆಂದಾರು, ಯೋಚಿಸಿ.

ಎಚ್ಚರಿಕೆಯ ಮಾತೂ ಬೇಕು. ಚೀನೀ ಭಾಷೆಯಲ್ಲಿ ಬರಿದೇ 'ರೋ', ಅಂದರೆ ಮಾಂಸ, ಎಂದರೆ ಸಾಮಾನ್ಯವಾಗಿ ಹಂದಿ ಮಾಂಸವೆಂದೇ ಅರ್ಥ. ದನದ್ದು 'ನಿಯೂರೋ', ಕುರಿಯದ್ದು 'ಯಾಂಗ್‌ರೋ'. ಕೋಳಿಯ 'ಜಿರೋ' ಮತ್ತು ಹಂದಿಯ 'ಜೂರೋ' ನಮ್ಮ ಕಿವಿಗೆ ಒಂದೇ ಎನಿಸಬಹುದು, ಆದ್ದರಿಂದ ಬರೆದ ಚೀಟಿ ತೋರಿಸಿ. ತರಕಾರಿ ಪಲ್ಯವೆಂದು ನಂಬಿ ತಿನ್ನುವಂತಿಲ್ಲ. ಹುರುಳಿಕಾಯಿ, ತೋಫು ಖಾದ್ಯಗಳಿಗೂ ಹಂದಿ ಖೀಮಾ ಅಥವಾ ಕೊಬ್ಬು ಸೇರಿಸುವ ರೂಢಿಯಿದೆ, ಅಡುಗೆಗೆ ಮದ್ಯ ಬಳಸುವುದೂ ಉಂಟು. ಚಿಂಗ್‌ಜೆನ್ ಫಲಕವಿದ್ದರೂ ಕೆಲವೆಡೆ ಬಿಯರ್ ಮಾರುತ್ತಾರೆ. ಕೇಳಿ ತಿಳಿದು ಕೂರಿ.

ಬಂಧುಗಳೇ, ಈ ಊಟದ ಹಿಂದಿರುವ ಜನರ ಪಾಡನ್ನು ಮರೆತು ರುಚಿಯನ್ನಷ್ಟೇ ಹೊಗಳುವುದು ನ್ಯಾಯವಲ್ಲ. 2019ರಲ್ಲಿ ಬೀಜಿಂಗ್‌ನ ಹಲಾಲ್ ಅಂಗಡಿಗಳಿಗೆ ಫಲಕದಿಂದ ಅರಬಿ ಅಕ್ಷರ ಮತ್ತು ಅರ್ಧಚಂದ್ರ ತೆಗೆಯುವಂತೆ ಅಧಿಕಾರಿಗಳು ಸೂಚಿಸಿದರೆಂದು ವರದಿಯಾಯಿತು. ಷಿನ್‌ಜಿಯಾಂಗ್‌ನಲ್ಲಿ ಗಂಭೀರ ಮಾನವ ಹಕ್ಕು ಉಲ್ಲಂಘನೆ ನಡೆದಿದೆಯೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2022ರ ಆಗಸ್ಟ್‌ನಲ್ಲಿ ವರದಿ ಮಾಡಿತು. ಚೀನಾ ಸರಕಾರ ಅದನ್ನು ಅಲ್ಲಗಳೆದಿದೆ. ನೀವು ಹೋದಾಗ ಅಡುಗೆಯವನನ್ನು ಈ ಬಗ್ಗೆ ಕೆದಕಿ ಕೇಳಬೇಡಿ. ನೀವು ಮರಳಿ ಬರುತ್ತೀರಿ, ಉತ್ತರಕ್ಕೆ ಬೆಲೆ ತೆರಬೇಕಾದವನು ಅವನು. ಅವನ ಅಂಗಡಿಯಲ್ಲಿ ಕುಳಿತು ಉಣ್ಣಿ, ಸಲಾಂ ಹೇಳಿದರೆ ಸಲಾಂ ಹೇಳಿ, ಅಡುಗೆಯ ಹೆಸರನ್ನು ಅವನ ಭಾಷೆಯಲ್ಲೇ ಕಲಿಯಿರಿ. ಅರಬಿ ಅಕ್ಷರ ಅಳಿಸಿದ ಫಲಕದ ಹಿಂದೆಯೂ ಒಲೆ ಉರಿಯುತ್ತಿದೆ. ಅದನ್ನು ಗುರುತಿಸಲು ಓದು ಬೇಕು. ಚೀನೀ ಭಾಷೆಯ ಎರಡು ಅಕ್ಷರ ಕಲಿತವನಿಗೆ ಹಸಿವೂ ತೀರುತ್ತದೆ, ಸ್ನೇಹವೂ ಸಿಗುತ್ತದೆ.

ವಿದ್ಯಾರ್ಥಿಗಳೇ, ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಇರಲಿ, ಅದರ ಪಕ್ಕದಲ್ಲಿ ಒಂದು ಸಣ್ಣ ನೋಟ್‌ಬುಕ್ಕೂ ಇರಲಿ. ತಿಂದದ್ದನ್ನು, ಅದನ್ನು ಮಾಡಿದವರನ್ನು ಅದರಲ್ಲಿ ಬರೆದುಕೊಂಡು ಬನ್ನಿ. ಮುಂದಿನ ವರ್ಷ ಇದೇ ವೇದಿಕೆಯಲ್ಲಿ ನಿಮ್ಮಲ್ಲೊಬ್ಬರು ಅದನ್ನು ಓದಿ ಹೇಳುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.