ಹಳ್ಳದ ದುಡ್ಡು ಯಾರದು?

(ಆಡಕಿಯಲ್ಲಿ ಹಾಸ್ಟೆಲ್ ಹುಡುಗ-ಹುಡುಗಿಯರ ಮುಂದೆ ಆಡಿದ ಮಾತು)



ಊರ ಹಳ್ಳ ಸ್ವಚ್ಛ ಮಾಡ್ತೀವಿ, ದಂಡೆಗೆ ಕಲ್ಲು ಹಾಸ್ತೀವಿ, ಗಿಡ ಹಚ್ತೀವಿ, ಅದಕ್ಕ ಸರಕಾರದ ದುಡ್ಡು ಬೇಕು ಅಂತ ಈಗ ಪಟ್ಟಣಗಳಲ್ಲಿ ಮಾತು ನಡೆದಿದೆ. ಹಳ್ಳ ಅಂದ ಕೂಡಲೇ ನಮ್ಮ ಮಂದಿಗೆ ಬೇರೆಯೇ ನೆನಪು ಬರ್ತದ. ಊರ ಗಟಾರ ಎಲ್ಲಿ ಹೋಗಿ ಬೀಳ್ತದೋ ಅಲ್ಲೇ ನಮ್ಮ ಕೇರಿ. ಮಳೆಗಾಲದಾಗ ಹಳ್ಳ ತುಂಬಿದ್ರ ನೀರು ಮೊದಲು ಹೊಕ್ಕೋದು ನಮ್ಮ ಮನಿಗೆ. ಸತ್ತ ದನ ಎಳಕೊಂಡು ಹೋಗಿದ್ದು ಹಳ್ಳದ ದಂಡೆಗೆ. ಕುಡಿಯಾಕ ವರ್ತಿ ತೋಡಿದ್ದೂ ಅದೇ ಹಳ್ಳದಾಗ, ಯಾಕಂದ್ರ ಊರ ಬಾವಿ ನಮ್ಮದಾಗಿರಲಿಲ್ಲ.

ಹಳ್ಳ ಚೆಂದ ಆಗೋದು ಬೇಡ ಅಂತ ನಾವು ಹೇಳೋದಿಲ್ಲ. ಎಲ್ಲರಿಗಿಂತ ಮೊದಲು ಬೇಕಾದವರು ನಾವೇ. ನಾವು ಕೇಳೋದು ದುಡ್ಡಿನ ಲೆಕ್ಕ.

ಈ ಲೆಕ್ಕ ಹಳೇದು. 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಬೋಲೆಯವರು ತಂದ ಠರಾವು ಹೇಳಿದ್ದಿಷ್ಟೇ: ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುವ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು. ಮಹಾಡದ ಪುರಸಭೆ 1924ರಲ್ಲಿ ಚವದಾರ ಕೆರೆಯನ್ನು ಕಾಗದದ ಮೇಲೆ ತೆರೆಯಿತು. ಕಾಗದದ ಮೇಲಷ್ಟೇ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಸಂಗಡ ನಡೆದು ಹೋಗಿ ನೀರು ಕುಡಿದರು. ಸವರ್ಣೀಯರು ನಮ್ಮವರನ್ನು ಹೊಡೆದರು, ಆಮೇಲೆ ಕೆರೆಯನ್ನು 'ಶುದ್ಧಿ' ಮಾಡಿದರು, ಕೋರ್ಟಿಗೆ ಹೋಗಿ ಕೆರೆ ಖಾಸಗಿ ಎಂದು ವಾದಿಸಿದರು. ಹೈಕೋರ್ಟಿನಲ್ಲಿ ನಮ್ಮ ಕಡೆ ತೀರ್ಪು ಬರೋದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ! ಸಂವಿಧಾನದ 15ನೇ ವಿಧಿ ತೆಗೆದು ಓದಿರಿ. ಪೂರ್ತಿಯಾಗಲಿ ಸ್ವಲ್ಪವಾಗಲಿ ಸರಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟಗಳಿಂದ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಅದರಾಗ ಅದ. 'ಸರಕಾರದ ಹಣ' ಅನ್ನೋ ಮಾತು ಅಲ್ಲಿ ಸುಮ್ಮನೆ ಬಂದು ಕೂತಿಲ್ಲ.

ಈಗ ಬೆಂಗಳೂರಿಗೆ ಬರೋಣ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಯ ಕಡೆ ಹರಿಯುವ ಒಂದು ರಾಜಕಾಲುವೆಗೆ ದಫ್ತರದಲ್ಲಿ ಕೆ-100 ಅಂತ ಹೆಸರು. ಹಳ್ಳಕ್ಕೆ ಹೆಸರೇ ಇಲ್ಲ, ನಂಬರು! ಅದನ್ನು ಜನರು ಓಡಾಡುವ ನೀರಿನ ಹಾದಿ ಮಾಡಲು ಸುಮಾರು 175 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿ, 2021ರ ಸುಮಾರಿಗೆ ಕೆಲಸ ಹಚ್ಚಿದರು. ಹಳ್ಳದಲ್ಲಿ ಹರಿಯುತ್ತಿದ್ದದ್ದು ಮಳೆನೀರಲ್ಲ, ಸಂಡಾಸಿನ ನೀರು. ಇಂಥ ನೀರು ಹೋಗಿ ಸೇರಿದ್ದಕ್ಕೇ ಬೆಳ್ಳಂದೂರು ಕೆರೆ ನೊರೆ ಉಕ್ಕಿ ಬೆಂಕಿ ಹತ್ತಿದ್ದು. ಅಂದಮೇಲೆ ಕಲ್ಲು ಹಾಸುವ ಮೊದಲು ಆ ಹೊಲಸು ನೀರನ್ನು ಬೇರೆ ಪೈಪಿಗೆ ತಿರುಗಿಸಬೇಕು. ಖರ್ಚು ಇರೋದೂ, ಮುಗಿಯದ ಕೆಲಸ ಇರೋದೂ ಇಲ್ಲೇ. ದಂಡೆಯ ಬೆಂಚು ಫೋಟೋದಾಗ ಬರ್ತದ, ನೆಲದ ಕೆಳಗಿನ ಪೈಪು ಬರೋದಿಲ್ಲ.

ಆ ಪೈಪು ಕಟ್ಟಿಕೊಂಡರೆ ಒಳಗೆ ಇಳಿಯೋರು ಯಾರು? ನಿಮಗೆ ಹೇಳಬೇಕಾಗಿಲ್ಲ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನು ನಿಲ್ಲಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಗುಂಡಿಯಲ್ಲಿ ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನೇ ಮೂವತ್ತು ಲಕ್ಷ ಮಾಡಿತು. ಪರಿಹಾರದ ಮೊತ್ತ ಏರ್ತಾ ಹೋಗ್ತದ, ಇಳಿಯೋರು ಮಾತ್ರ ಅವರೇ. ಹಳ್ಳದ ಎಸ್ಟಿಮೇಟಿನಲ್ಲಿ ಕಾರಂಜಿ ಇದ್ದು ಗುಂಡಿ ಸ್ವಚ್ಛ ಮಾಡೋ ಮಿಷನ್ ಇಲ್ಲದಿದ್ರ ಆ ಕಾರಂಜಿ ನಮ್ಮ ಹುಡುಗರ ಜೀವದ ಮೇಲೆ ಹಾರ್ತದ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮೇಲ್ಸೇತುವೆ ಒಡೆದು 2005ರಲ್ಲಿ ಚೊಂಗ್ಯೆಚೊನ್ ಹಳ್ಳವನ್ನು ಹೊರಗೆ ತೆಗೆದರು. ಜಗತ್ತೇ ಹೊಗಳಿತು. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲು ದೊಡ್ಡ ನದಿಯಿಂದ ಪಂಪು ಹಚ್ಚಿ ತಂದದ್ದು. ಬೀದಿ ಬದಿ ಸಾಮಾನು ಮಾರುತ್ತಿದ್ದವರನ್ನು ಅಲ್ಲಿಂದ ಎಬ್ಬಿಸಿದರು. ಹಳ್ಳ ಮೇಲೆ ಬಂದರೆ ಭೂಮಿಯ ಬೆಲೆ ಏರ್ತದ, ಬೆಲೆ ಏರಿದ್ರ ಬಡವನ ಗುಡಿಸಲು 'ಒತ್ತುವರಿ' ಆಗ್ತದ.

ನಮ್ಮ ಸೀಮೆಗೆ ಬರ್ರಿ. ಸೇಡಂಗೆ ಕಮಲಾವತಿ ಅದ. ತಾಂಡೂರು ಕಡೆಯಿಂದ ಬರುವ ಕಾಗಿಣಾ ಮಳಖೇಡದ ಕೋಟೆ ದಾಟಿ, ಶಹಾಬಾದದ ಕಡೆ ಹಾದು ಭೀಮೆಗೆ ಕೂಡ್ತದ. ನೆಲದಿಂದ ಸಿಮೆಂಟಿನ ಸುಣ್ಣದಕಲ್ಲು ತೆಗೀತಾರ, ಫರಸಿ ತೆಗೀತಾರ. ಆ ಕಲ್ಲು ಹೋಗಿ ಎಲ್ಲೆಲ್ಲಿಯ ದಂಡೆಗೆ ಕೂತದೋ! 371ಜೆ ಬಂದ ಮೇಲೆ ನಮ್ಮ ಭಾಗದ ಮಂಡಳಿಗೆ ವರ್ಷವರ್ಷ ಅನುದಾನ ಬರ್ತದ. ಹಳ್ಳಕ್ಕೆ ದುಡ್ಡು ಇಲ್ಲ ಅನ್ನೋ ಮಾತು ನಾವು ಒಪ್ಪೋದಿಲ್ಲ.

ಇನ್ನೊಂದು ಮಾತು, ಗಟ್ಟಿಯಾಗಿ ಕೇಳಿರಿ. ಉಪಯೋಜನೆ ಕಾಯ್ದೆ 2013ರಲ್ಲಿ ಬಂತು. ನಮ್ಮ ಜನಸಂಖ್ಯೆಗೆ ತಕ್ಕ ಪಾಲು, ಪರಿಶಿಷ್ಟ ಜಾತಿ ಪಂಗಡ ಸೇರಿ ನೂರಕ್ಕೆ 24.1, ತೆಗೆದಿಡಬೇಕು. ಆದರೆ ಅದರ 7(ಡಿ) ಕಲಮಿನ ಸಂದಿಯಿಂದ ಎಲ್ಲರಿಗೂ ಆಗುವ ರಸ್ತೆ, ಸೇತುವೆಯಂಥ ಕೆಲಸದ ಒಂದು ಪಾಲನ್ನೂ ನಮ್ಮ ಲೆಕ್ಕಕ್ಕೆ ಬರೆಯಬಹುದಿತ್ತು. 2023ರಲ್ಲಿ ಆ ಕಲಮು ತೆಗೆದರು. ಊರವರು ಸಂಜೆ ಗಾಳಿ ತಿನ್ನೋ ಹಳ್ಳದ ದಂಡೆಗೆ ನಮ್ಮ ಪಾಲಿನ ರೊಕ್ಕ ಹೋಗಬಾರದು. ಹೋಗೋದಾದ್ರ ಕೇರಿಯ ಒಳಚರಂಡಿಗೆ, ಕೇರಿ ಉಳಿಸೋ ತಡೆಗೋಡೆಗೆ, ಮನೆಗಳ ಹಕ್ಕುಪತ್ರಕ್ಕೆ ಹೋಗಲಿ.

ಇದನ್ನು ತಿಳಿಯಾಕ ಭಾಷಣ ಸಾಲೋದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹತ್ತು ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಮೂವತ್ತು ದಿನದಾಗ ಉತ್ತರ ಕೊಡಬೇಕು. ಹಳ್ಳದ ಕೆಲಸದ ಎಸ್ಟಿಮೇಟು, ಯಾವ ಲೆಕ್ಕಶೀರ್ಷಿಕೆಯ ಹಣ, ಗಟಾರದ ನೀರು ಎಲ್ಲಿ ಬಿಡ್ತಾರ, ಯಾವ ಮನೆಗೆ ನೋಟೀಸು: ಇಷ್ಟನ್ನು ಕೇಳ್ರಿ. ಸೇಡಂ ಹುಡುಗರು ಸೇಡಂಗೆ, ಚಿಂಚೋಳಿಯವರು ಚಿಂಚೋಳಿಗೆ, ವಾಡಿ, ಶಹಾಬಾದ, ಚಿತ್ತಾಪುರದವರು ತಮ್ಮ ತಮ್ಮ ಊರಿಗೆ ಬರೀರಿ. ಕಾಗದ, ಪೆನ್ನು ತಂದೀವಿ. ಊಟ ಆದಮೇಲೆ ಕೂಡೋಣ.