ಜೀವನಾಂಶ ಎಂದಿನಿಂದ?



ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಕೋರ್ಟಿನ ಮೆಟ್ಟಿಲು ಹತ್ತುತ್ತಾಳೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ವರ್ಷಗಳು ಕಳೆದ ಮೇಲೆ ಆಜ್ಞೆ ಹೊರಡುತ್ತದೆ. ನಡುವಿನ ವರ್ಷಗಳಲ್ಲಿ ಆ ಮಕ್ಕಳಿಗೆ ಹಸಿವಿರಲಿಲ್ಲವೇ? ಸಾಲ ತಂದು ಅನ್ನ ಹಾಕಿದವಳು ತಾಯಿಯಲ್ಲವೇ?

1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಜೀವನಾಂಶವನ್ನು ಆಜ್ಞೆಯ ದಿನದಿಂದ, ಕೋರ್ಟು ಹಾಗೆಂದು ಆಜ್ಞಾಪಿಸಿದರೆ ಅರ್ಜಿಯ ದಿನದಿಂದ ಕೊಡಬೇಕೆಂದಿತು. ಆಜ್ಞೆಯ ದಿನದಿಂದ ಎಂದಾದರೆ, ಮೊಕದ್ದಮೆಯನ್ನು ಎಳೆದಷ್ಟೂ ಗಂಡನಿಗೆ ಲಾಭ, ಹೆಂಡತಿಗೆ ಸಾಲ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು, ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದು ಎಲ್ಲ ಕೋರ್ಟುಗಳಿಗೂ ಅನ್ವಯಿಸುವಂತೆ ತೀರ್ಪಿತ್ತಿತು. ಅದನ್ನು ನಾವು ಸ್ವಾಗತಿಸುತ್ತೇವೆ.

ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಹಳೆಯ ಮಾತನ್ನೇ ಉಳಿಸಿಕೊಂಡಿದೆ. ತೀರ್ಪಿನ ಮಾತು ಕಾಯಿದೆಯ ಮಾತಾಗಬೇಕು. ಇದು ನಮ್ಮ ಬೇಡಿಕೆ.

ಅಲ್ಲಿಯವರೆಗೆ, ತಾಯಂದಿರೇ, ತಡಮಾಡದೆ ಅರ್ಜಿ ಹಾಕಿ. ಅರ್ಜಿಯ ದಿನದಿಂದಲೇ ಬೇಕೆಂದು ಅದರಲ್ಲಿ ಬರೆಸಿ. ಆಜ್ಞೆಯಾದ ಮೇಲೂ ಹಣ ಬಾರದಿದ್ದರೆ, ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಕೊಡಿ. ಓದುಬರಹ ಬಾರದವರ ಅರ್ಜಿ ಬರೆದುಕೊಡುವುದು ನಮ್ಮ ಕಾರ್ಯಕರ್ತರ ಕೆಲಸ. ಮಕ್ಕಳ ಹಸಿವು ಆಜ್ಞೆಯ ದಿನ ಹುಟ್ಟಿದ್ದಲ್ಲ.