ಕಸದ ಲೆಕ್ಕ, ತಾರಸಿಯ ತೋಟ



ನಗರವೊಂದರ ಆಯವ್ಯಯವನ್ನು ಅರಿಯಲು ಅದರ ಖಜಾನೆಯನ್ನಷ್ಟೇ ನೋಡಿದರೆ ಸಾಲದು. ಅದರ ಕಸ ಯಾರ ಊರಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಉದ್ಯೋಗನಿಮಿತ್ತ ಅನೇಕರು ಬಂದು ನೆಲೆಸುವ ತಿರುವನಂತಪುರದ ಕಳಕ್ಕೂಟಂ ಇದಕ್ಕೆ ನಿದರ್ಶನ. 1990ರಲ್ಲಿ ಇಲ್ಲಿ ಟೆಕ್ನೋಪಾರ್ಕ್ ಸ್ಥಾಪನೆಯಾಯಿತು. ವಸತಿ ಸಮುಚ್ಚಯಗಳು ಎದ್ದವು. 2010ರಲ್ಲಿ ಪಂಚಾಯತಿಯು ಮಹಾನಗರಪಾಲಿಕೆಯಲ್ಲಿ ವಿಲೀನವಾಯಿತು.

ಅಂದು ನಗರದ ಕಸ ವಿಳಪ್ಪಿಲ್‌ಶಾಲ ಎಂಬ ಗ್ರಾಮದ ಘಟಕವನ್ನು ಸೇರುತ್ತಿತ್ತು. ದುರ್ಗಂಧವೂ ಮಲಿನ ನೀರೂ ಗ್ರಾಮಸ್ಥರ ಪಾಲಾದವು. ಅವರ ಹೋರಾಟದಿಂದ 2011ರ ಡಿಸೆಂಬರಿನಲ್ಲಿ ಘಟಕ ಮುಚ್ಚಿತು. ಕಸವನ್ನು ಹುಟ್ಟಿದಲ್ಲಿಯೇ ಕರಗಿಸುವುದು ನಗರಕ್ಕೆ ಅನಿವಾರ್ಯವಾಯಿತು. ಮನೆಗಳಿಗೆ ಗೊಬ್ಬರದ ಡಬ್ಬಿಗಳೂ ಬಡಾವಣೆಗಳಿಗೆ ತುಂಬೂರ್ಮುಳಿ ಮಾದರಿಯ ತೊಟ್ಟಿಗಳೂ ಬಂದವು. ಸಗಣಿ, ಒಣ ಎಲೆ, ಹಸಿ ಕಸಗಳನ್ನು ಪದರಪದರವಾಗಿ ಹರಡಿ ಗಾಳಿಯಾಡಲು ಬಿಟ್ಟರೆ ಸುಮಾರು 90 ದಿನಗಳಲ್ಲಿ ಗೊಬ್ಬರ ಸಿದ್ಧ.

ಆ ಗೊಬ್ಬರಕ್ಕೆ ಒಂದು ತೋಟ ಬೇಕು. ಸಮುದಾಯ ಕೈತೋಟದ ಮಹತ್ವ ಇಲ್ಲಿದೆ. ಕೇರಳ ತನ್ನ ತರಕಾರಿಗೆ ಕರ್ನಾಟಕ, ತಮಿಳುನಾಡುಗಳನ್ನು ಬಹಳವಾಗಿ ಅವಲಂಬಿಸಿದೆ. ತಾರಸಿಯ ಬೆಂಡೆ, ಅಲಸಂದೆ, ಬಸಳೆಗಳು ಆ ಕೊರತೆಯನ್ನು ತುಂಬಲಾರವು. ಆದರೆ ಕಸದ ಲಾರಿಯ ಹೊರೆಯನ್ನು ಇಳಿಸಬಲ್ಲವು, ಸುಡುವ ತಾರಸಿಗೆ ನೆರಳಾಗಬಲ್ಲವು. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮಹಿಳಾ ಗುಂಪುಗಳು ಗೇಣಿ ಭೂಮಿಯಲ್ಲಿ ಕೂಡಿ ಬೆಳೆಯುತ್ತಿವೆ. ಒಂಟಿಯಾಗಿ ಕಷ್ಟವಾದುದು ಕೂಡಿದಾಗ ಸಾಧ್ಯವೆಂಬುದಕ್ಕೆ ಅವೇ ಸಾಕ್ಷಿ.

ಮಣ್ಣು ಅಗೆದರೆ ಜೀವಹಿಂಸೆಯಲ್ಲವೇ ಎಂದು ಶ್ರಾವಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಗೃಹಕೃತ್ಯದಲ್ಲಿ ಆರಂಭೀ ಹಿಂಸೆಯನ್ನು ಪೂರ್ಣವಾಗಿ ತಪ್ಪಿಸಲಾಗದು. ಎಚ್ಚರದಿಂದ ಅದನ್ನು ತಗ್ಗಿಸಬೇಕೆಂಬುದೇ ಶ್ರಾವಕಧರ್ಮ. ಗೆಡ್ಡೆಗಳನ್ನು ಬಿಟ್ಟು ಸೊಪ್ಪು, ಕಾಯಿ ಬೆಳೆಯಬಹುದು, ಕೀಟನಾಶಕವನ್ನು ವರ್ಜಿಸಬಹುದು. ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಟ್ಟ ಅನ್ನ ಅಹಿಂಸೆಯಾಗುವುದೇ? 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ ಹೊತ್ತಿಕೊಂಡು ಹತ್ತು ದಿನಗಳಿಗೂ ಹೆಚ್ಚು ಕಾಲ ಹೊಗೆಯುಗುಳಿತು. ಆ ಹೊಗೆಯನ್ನು ಉಸಿರಾಡಿದವರಲ್ಲಿ ಹಸುಗೂಸುಗಳೂ ಇದ್ದವು.

ಬಾಡಿಗೆ ಮನೆಯವರಿಗೆ ತೋಟವೆಲ್ಲಿಂದ ಎನ್ನುವಿರಿ. ಮೊದಲ ಹೆಜ್ಜೆ ತೋಟವಲ್ಲ, ಎರಡು ಬಕೆಟ್ಟುಗಳು: ಹಸಿ ಕಸಕ್ಕೊಂದು, ಒಣ ಕಸಕ್ಕೊಂದು. ಎರಡನೆಯದು ನಿವಾಸಿಗಳ ಸಂಘದ ಒಪ್ಪಿಗೆ. ತಾರಸಿ ಸೋರದಂತೆ, ಭಾರ ಮಿತಿಮೀರದಂತೆ ನೋಡಿಕೊಂಡು ಹತ್ತು ಗ್ರೋಬ್ಯಾಗ್‌ಗಳಿಂದ ಆರಂಭಿಸಿರಿ. ನೀರುಣಿಸುವ ಸರದಿಯನ್ನು ಮನೆಮನೆಗೆ ಹಂಚಿರಿ. ನೆರೆಯ ಮಲಯಾಳಿ ಕುಟುಂಬದ ಪರಿಚಯವೂ ಅಲ್ಲಿಯೇ ಬೆಳೆಯುತ್ತದೆ.

ದಾನದ ಲೆಕ್ಕವನ್ನು ಸಮಾಜ ಶ್ರದ್ಧೆಯಿಂದ ಇಡುತ್ತದೆ. ಇನ್ನು ಮೇಲೆ ಮತ್ತೊಂದು ಲೆಕ್ಕವನ್ನೂ ಇಡಲಿ: ಈ ವರ್ಷ ತನ್ನ ಮನೆಯ ಎಷ್ಟು ಕಸ ಇನ್ನೊಬ್ಬರ ಊರಿನ ಪಾಲಾಯಿತು? ಅಪರಿಗ್ರಹದ ಈ ಪಟ್ಟಿಯಲ್ಲಿ ಶೂನ್ಯವೇ ಲಾಭ.

ಜೈ ಜಿನೇಂದ್ರ.